ಎರಡು ಸಲ ಒತ್ತಿದರೆ ಹಿಡಿಯುವ ಬ್ರೇಕ್

“ಗುರುಗಳೇ, ನನ್ನಲ್ಲೊಂದು ದೋಷವಿದೆ. ಅದರ ಜೊತೆ ಹೊಂದಿಕೊಂಡು ಬಾಳುವುದನ್ನು ಕಲಿತಿದ್ದೇನೆ. ಆದರೂ ತಿದ್ದಿಕೊಳ್ಳಲೇಬೇಕೆ?” ಎಂದು ಶಿಷ್ಯ ಕೇಳಿದ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ಚಾಲಕ ಘಟ್ಟದ ದಾರಿಯಲ್ಲಿ ಟೆಂಪೊ ಓಡಿಸುತ್ತಿದ್ದ. ಒಂದು ದಿನ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗಿಳಿಯಿತು. ಕಾಲೆತ್ತಿ ಮತ್ತೊಮ್ಮೆ ಒತ್ತಿದ, ಹಿಡಿಯಿತು. ಮೆಕ್ಯಾನಿಕ್ ಗಾಲಿ ಬಿಚ್ಚಿ ನೋಡಿದ.

“ಒಳಗಿನ ರಬ್ಬರ್ ಸವೆದು ಆಯಿಲ್ ಜಿನುಗ್ತಿದೆ. ಗಾಳಿ ಬೇರೆ ಸೇರ್ಕೊಂಡಿದೆ. ಗಾಡಿ ಇವತ್ತು ಇಲ್ಲೇ ಬಿಡಣ್ಣ.”

“ಬಿಟ್ಟರೆ ಸಾಮಾನೆಲ್ಲ ನೀನು ತಲೆ ಮೇಲೆ ಹೊತ್ಕೊಂಡು ಹೋಗ್ತೀಯೇನೋ? ಎರಡು ಸಲ ಒತ್ತಿದರೆ ಹಿಡಿಯುತ್ತಲ್ಲ. ಆಯಿಲ್ ತುಂಬಿಸು, ಸಾಕು.”

ಮೆಕ್ಯಾನಿಕ್ ತುಂಬಿಸಿದ. ಅವನಿಗೂ ಊಟದ ಹೊತ್ತಾಗಿತ್ತು.

ಅಲ್ಲಿಂದಾಚೆಗೆ ಆಯಿಲ್ ಇಳಿದಾಗಲೆಲ್ಲ ಚಾಲಕ ತಾನೇ ತುಂಬಿಸಿಕೊಂಡ. ಮೊದಮೊದಲು ತಿರುವು ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಕಾಲು ತಾನಾಗಿಯೇ ಎರಡು ಸಲ ಒತ್ತತೊಡಗಿತು, ಎದೆ ಸುಮ್ಮನಾಯಿತು. ಆಯುಧಪೂಜೆಗೆ ಗಾಡಿ ತೊಳೆದು, ಹಾರ ಹಾಕಿ, ಗಾಲಿಗಳಡಿ ನಿಂಬೆಹಣ್ಣು ಇಟ್ಟ. ಭಕ್ತಿ ಹೆಚ್ಚಾಗಿ ಬ್ರೇಕ್ ಪೆಡಲಿಗೂ ಕುಂಕುಮ ಹಚ್ಚಿದ. ರಬ್ಬರ್ ಮಾತ್ರ ಹಳೆಯದೇ.

ಅವನು ಜ್ವರ ಬಂದು ಮಲಗಿದ ದಿನ ಅವನ ತಮ್ಮ ಬಂದು ಗಾಡಿಯ ಕೀ ಕೇಳಿದ. ತಮ್ಮನಿಗೂ ಘಟ್ಟದ ದಾರಿ ಗೊತ್ತಿತ್ತು, ಅಣ್ಣನಿಗಿಂತ ನಿಧಾನಸ್ಥ.

“ಹುಷಾರು ಕಣೋ. ತಿರುವಿನಲ್ಲಿ ಹಾರ್ನ್ ಹೊಡಿ. ಡೀಸೆಲ್ ಕಡಿಮೆಯಿದೆ, ಹಾಕಿಸ್ಕೋ.”

ಅಣ್ಣ ನೆನಪಾದದ್ದನ್ನೆಲ್ಲ ಹೇಳಿ ಕಳಿಸಿದ.

ಇಳಿಜಾರಿನಲ್ಲಿ ತಮ್ಮ ಬ್ರೇಕ್ ಒತ್ತಿದ. ಪೆಡಲ್ ತಳ ಮುಟ್ಟಿತು. ಬೇರೆ ಯಾರೇ ಆದರೂ ಮಾಡುವಂತೆ ಅವನೂ ಕಾಲೆತ್ತದೆ, ಇದ್ದ ಬಲವನ್ನೆಲ್ಲ ಹಾಕಿ ಒತ್ತಿ ಹಿಡಿದ. ಜನ ಕಂದಕಕ್ಕಿಳಿದು ಹೆಣ ತೆಗೆಯುವಾಗಲೂ ಕಾಲು ಪೆಡಲಿನ ಮೇಲೇ ಇತ್ತು.

ಪೊಲೀಸರು ಅಣ್ಣನನ್ನು ಕೇಳಿದರು: “ಬ್ರೇಕ್ ಸರಿಯಿತ್ತೇನಯ್ಯಾ?”

ತಮ್ಮನ ಚಪ್ಪಲಿಗಳನ್ನು ಎದೆಗೊತ್ತಿಕೊಂಡು ಹೆಣದ ಮುಂದೆ ಕುಳಿತಿದ್ದ ಅವನು ಬಿಕ್ಕುತ್ತ ಹೇಳಿದ: “ಸರಿಯಿತ್ತು ಸ್ವಾಮಿ. ಮೊನ್ನೆ ತಾನೇ ನಾನೇ ಘಟ್ಟ ಇಳಿಸಿದ್ದೆ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ತಮ್ಮನ ಹೆಣದ ಮುಂದೆ ಕೂತು ಅಂಥ ಸುಳ್ಳೇ!” ಎಂದ ಶಿಷ್ಯ.

“ಸುಳ್ಳು ಹೇಳುವುದಕ್ಕಾದರೂ ಅವನಿಗೆ ನಿಜ ನೆನಪಿರಬೇಕಿತ್ತಲ್ಲ” ಎಂದರು ಗುರುಗಳು.