ಸುಣ್ಣ ಹಚ್ಚದ ವೀಳ್ಯ

ಒಂದಾನೊಂದು ಕಾಲ, ಗುಡ್ಡಕ್ಕೊಬ್ಬ ದೊರೆ ಇದ್ದ ಕಾಲ. ಆಗ ಬುಳ್ಳಪ್ಪ ಅಂತ ಒಬ್ಬ ಕತ್ತಿಯಾಳು ಇದ್ದನಂತೆ ಮಗಾ. ಅವನ ದೊರೆ ಯುದ್ಧದಲ್ಲಿ ಸತ್ತು, ಕೋಟೆ ಸುಟ್ಟು, ಸೊಂಟದ ಕತ್ತಿಯೊಂದು ಬಿಟ್ಟರೆ ಇವನಿಗೆ ಬೇರೆ ದಿಕ್ಕಿಲ್ಲ. ಸಾಯೋತನಕ ಇರೋಕೆ ಒಂದು ನೆಲೆ ಸಿಕ್ಕರೆ ಸಾಕು ಅಂತ ಅಲೆದನಂತೆ.

ಆಗೆಲ್ಲ ಆಳನ್ನ ಇಟ್ಕೊಳ್ಳೋದು ಅಂದ್ರೆ ವೀಳ್ಯ ಕೊಡೋದು. ಎಲೆ, ಅಡಿಕೆ, ಸುಣ್ಣ ಮಡಚಿ ದೊರೆ ಕೊಡ್ತಾನೆ, ಆಳು ಹೇಳಿದ ಕೆಲಸ ಮುಗಿಸಿ ಬಂದು ಜಗೀತಾನೆ, ಬಾಯಿ ಕೆಂಪಾದ್ರೆ ಮಾತು ಗಟ್ಟಿ. ಆದ್ರೆ ದೊರೆ ಎದುರಿಗೆ ಅದನ್ನ ಬಿಚ್ಚಿ ನೋಡೋ ಹಾಗಿಲ್ಲ.

ಮೊದಲನೇ ದೊರೆ ವೀಳ್ಯ ಕೊಟ್ಟು, ಕಳ್ಳರನ್ನ ಓಡಿಸಿ ಬಾ ಅಂದನಂತೆ. ಇವನು ಅದನ್ನ ರುಮಾಲಿಗೆ ಸಿಕ್ಕಿಸ್ಕೊಂಡು ಹೋಗಿ, ಕಳ್ಳರನ್ನ ಗುಡ್ಡ ದಾಟಿಸಿ, ಭುಜ ಸೀಳಿಸ್ಕೊಂಡು ಬಂದು ಜಗಿದರೆ ಬಾಯಿ ಕೆಂಪಾಗ್ಲೇ ಇಲ್ಲ. ಸುಣ್ಣಾನೇ ಹಚ್ಚಿಲ್ಲ! ಸುಣ್ಣ ಇಲ್ದಿದ್ಮೇಲೆ ಮಾತೆಲ್ಲಿ ಬಂತು, ಕಳ್ಳರೂ ಹೋದ್ರು, ನೀನೂ ನಡಿಯಪ್ಪಾ ಅಂತ ದೊರೆ ಹಲ್ಲು ಕಿರಿದನಂತೆ.

ಕತ್ತಿ ತೆಗೀಲಿಲ್ವಾ ಅಜ್ಜಿ?

ಕೈ ಕತ್ತಿ ಹಿಡಿ ಮೇಲೇ ಇತ್ತು ಕಣೇ. ಆದ್ರೆ ಕಡಿದ್ರೆ ಆಮೇಲೆ ಇನ್ಯಾರು ಸೇರಿಸ್ಕೊಳ್ತಾರೆ? ಹಲ್ಲು ಕಚ್ಕೊಂಡು ಹೊರಟ.

ಆಮೇಲೆ ಎರಡನೇ ದೊರೆ ಹತ್ರ ಹೋಗಿ, ಈ ಸಲ ಅಲ್ಲೇ ಬಿಚ್ಚಿ ನೋಡಿದನಂತೆ. ಸುಣ್ಣ ಬೇಕಾದಷ್ಟಿತ್ತು. ಆದ್ರೆ ದೊರೆ ಕೆಂಡವಾಗಿ, ನನ್ನ ಕೈಯನ್ನೇ ಅನುಮಾನಿಸ್ತೀಯೇನೋ ತಿರುಕಾ ಅಂತ ಎಲೆ ಕಿತ್ಕೊಂಡು ನಾಯಿ ಛೂ ಬಿಟ್ಟನಂತೆ. ನಂಬಿದ್ರೂ ತಪ್ಪು, ನೋಡಿದ್ರೂ ತಪ್ಪು! ಬುಳ್ಳಪ್ಪ ಸಿಟ್ಟಿಗೆ ದಾರಿಯುದ್ದಕ್ಕೂ ಕಳ್ಳಿಗಿಡ ಕಡೀತಾ ಹೋದನಂತೆ.

ಮೂರನೇ ಕೋಟೇಲಿ ಪಟ್ಟಕ್ಕೆ ಬಂದಿದ್ದವಳು ದೊರೆಮಗಳು ಚೆಲುವಾಜಿ. ಶತ್ರುಗಳು ಬರೋರಿದ್ರು. ಅವಳು ವೀಳ್ಯ ಚಾಚಿದ್ರೆ ಇವನು ಕೈ ಕಟ್ಕೊಂಡು ನಿಂತನಂತೆ. ನಾನು ಮುಟ್ಟಲ್ಲ ತಾಯಿ. ಇಲ್ಲಿತನಕ ಮಾತು ಮುರಿದೋರು ದೊರೆಗಳು, ನಾನಲ್ಲ. ಮೊದಲು ನೀವು ಜಗೀರಿ, ಎಲ್ಲರೆದುರಿಗೆ.

ಇವನ ತಲೆ ತೆಗೀರಿ ಅಂತ ದಳವಾಯಿ ಕೂಗಿದನಂತೆ. ಚೆಲುವಾಜಿ ಎಲೆ ಬಿಚ್ಚಿದ್ಲು. ಸುಣ್ಣ ಇಲ್ಲ! ದಳವಾಯಿ ಕತ್ತು ಕೆರ್ಕೊಂಡು, ಅಲೆಮಾರಿಗಳಿಗೆ ಹೀಗೇ ಮಡಚೋದು ತಾಯಿ, ಮೊದಲಿಂದ್ಲೂ ರೂಢಿ ಅಂದನಂತೆ.

ನನ್ನ ಕೈಯಿಂದ ಸುಳ್ಳು ಕೊಡಿಸ್ತಿದ್ಯೇನೋ ಅಂತ ಅವಳಿಗೆ ಇವನಿಗಿಂತ ಹೆಚ್ಚು ಸಿಟ್ಟು ಬಂದು, ತಾನೇ ಸುಣ್ಣ ಹಚ್ಚಿ, ಎಲೆ ಎರಡು ಮಾಡಿ, ಒಂದನ್ನ ಜಗಿದು, ಕೆಂಪು ನಾಲಿಗೆ ಚಾಚಿ ಇಡೀ ಸಭೆಗೆ ತೋರಿಸಿದ್ಲಂತೆ. ಇನ್ನೊಂದನ್ನ ಬುಳ್ಳಪ್ಪ ಜಗಿದ, ಶತ್ರುಗಳನ್ನ ಓಡಿಸಿದ, ತಲೆ ನರೆಯೋತನಕ ಅಲ್ಲೇ ಇದ್ದ. ಅವತ್ತಿಂದ ಆ ಕೋಟೇಲಿ ವೀಳ್ಯ ಮಡಚೋದೇ ಇಲ್ವಂತೆ, ಬಿಚ್ಚಿಟ್ಟೇ ಕೊಡೋದಂತೆ.

ಅವನ ಅಲೆದಾಟ ಅಲ್ಲಿಗೆ ಮುಗೀತು, ನನ್ನ ಕತೆ ಇಲ್ಲಿಗೆ ಮುಗೀತು. ನೀನ್ಯಾಕೆ ಇನ್ನೂ ಮುಷ್ಟಿ ಬಿಗಿ ಹಿಡಿದಿದೀಯ? ಬಿಡೇ, ಮಲ್ಕೋ.