ಬಯಲವ್ವ ಬಿಟ್ಟುಕೊಟ್ಟ ದಿಬ್ಬ

ಡಂಗುರದವನು ಸಾರಿದ: "ಕೇಳಿರಿ, ಎಲ್ಲರೂ ಕೇಳಿರಿ. ಬೆಂಕಿಯಲ್ಲಿ ಸೂರು ಕಳೆದುಕೊಂಡ ಮುನ್ನೂರು ನೇಕಾರ ಸಂಸಾರಗಳಿಗೆ ದೊರೆ ವೀರಭೂಪರು ಕೆರೆಯ ಪಕ್ಕದ ಬಯಲಲ್ಲಿ ಹೊಸ ಕೇರಿ ಕಟ್ಟಿಸಲಿದ್ದಾರೆ. ಆದರೆ ಬಯಲು ಕಾಯುವ ರಕ್ಕಸಿ ಬಯಲವ್ವ ಮೂರು ಒಗಟು ಒಡ್ಡಿದ್ದಾಳೆ. ಬಿಡಿಸಿದರೆ ಕಟ್ಟಲು ಬಿಡುತ್ತಾಳೆ, ತಪ್ಪಿದರೆ ನುಂಗುತ್ತಾಳೆ. ಬಿಡಿಸಿದವರು ಕೇಳಿದ್ದನ್ನು ದೊರೆ ಕೊಡುತ್ತಾರೆ."

ದೊರೆಗೆ ಅವಸರವಿತ್ತು. ಮಳೆಗಾಲಕ್ಕೆ ಎರಡೇ ತಿಂಗಳು ಉಳಿದಿತ್ತು, ನೇಕಾರರು ಹಸುಗೂಸುಗಳೊಂದಿಗೆ ತೆಂಗಿನ ಗರಿಯ ಚಪ್ಪರದಡಿ ಇದ್ದರು.

ಮೊದಲು ದಂಡನಾಯಕ ಕೇತಯ್ಯ ಹೋದ. ಬಯಲವ್ವ ಕೇಳಿದಳು: "ವರ್ಷಕ್ಕೊಮ್ಮೆ ನನ್ನಲ್ಲಿಗೆ ಒಬ್ಬ ನೆಂಟ ಬರುತ್ತಾನೆ. ಕಾಲಿಲ್ಲ, ಆದರೂ ಮರದ ಮೇಲೆ ಹೆಜ್ಜೆಗುರುತು ಬಿಟ್ಟು ಹೋಗುತ್ತಾನೆ. ಯಾರವನು?"

"ಗಾಳಿ," ಎಂದ ಕೇತಯ್ಯ. ಅವಳು ಅವನನ್ನು ಪೇಟದ ಸಮೇತ ನುಂಗಿದಳು.

ಮಾರನೆಯ ದಿನ ಅರಮನೆಯ ಶಿಲ್ಪಿ ಮಾಧವೋಜ ಬಂದ. ಮೊದಲ ಒಗಟಿಗೆ ಹೆದರಿ, ಕೊನೆಯದರಿಂದ ಶುರು ಮಾಡುತ್ತೇನೆ ಎಂದ.

"ಆಗಲಿ. ಮನೆಗೆ ಬರುವಾಗ ಅದು ತಲೆಯ ಮೇಲೆ ಕೂತು ಬರುತ್ತದೆ. ಹೋಗುವಾಗ ಯಾರೂ ಅದರ ಮುಖ ನೋಡುವುದಿಲ್ಲ. ಏನದು, ಎಲ್ಲಿಗೆ ಹೋಗುತ್ತದೆ?"

"ಸೌದೆ. ಉರಿದು ಬೂದಿಯಾಗಿ ತಿಪ್ಪೆಗೆ ಹೋಗುತ್ತದೆ."

"ಜಾಣ. ಆದರೆ ತಪ್ಪು," ಎಂದು ಅವನನ್ನೂ ನುಂಗಿದಳು.

ಮೂರನೆಯವನು ದ್ಯಾವ. ಅವನು ನೀರಗಂಟಿ. ಎಂದರೆ, ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು.

"ಗುದ್ದಲಿ ತಂದಿದ್ದೀಯಲ್ಲೋ, ನನ್ನನ್ನೇ ಅಗೀತೀಯಾ?" ಎಂದಳು ಬಯಲವ್ವ. ಇನ್ನೂ ಯಾರಿಗೂ ಒಡ್ಡದೆ ಉಳಿದಿದ್ದ ನಡುವಿನ ಒಗಟನ್ನೂ ಸೇರಿಸಿ ಮೂರನ್ನೂ ಹೇಳಿದಳು. ನಡುವಿನದು ಹೀಗಿತ್ತು: "ಇಲ್ಲಿ ಆಗಲೇ ಒಂದು ಸಂಸಾರವಿದೆ. ಗೋಡೆಯಿಲ್ಲ, ಸೂರಿಲ್ಲ. ಹತ್ತಿರ ಹೋದರೆ ಚೆನ್ನಾಗಿರುವ ತಾಯಿ ಕುಂಟುತ್ತಾಳೆ. ಯಾರದು?"

"ಅವ್ವಾ, ಒಂದು ಸುತ್ತು ನಡೆದು ಬರಲಾ?" ಎಂದ ದ್ಯಾವ. "ತೂಬು ಎತ್ತುವ ಮುಂಚೆ ನೀರು ಹೋಗುವ ದಾರಿಯನ್ನು ಬರಿಗಾಲಲ್ಲಿ ನಡೆದು ನೋಡೋದು ನಮ್ಮ ರೂಢಿ."

"ನಡಿ. ಓಡಿಹೋದರೆ ಮಾತ್ರ ಎರಡು ತುತ್ತು ಮಾಡ್ತೀನಿ."

ಬೆಳಿಗ್ಗೆ ಹೊರಟವನು ಮಧ್ಯಾಹ್ನ ಮರಳಿದ. ಅಷ್ಟರಲ್ಲಿ ದೊರೆಯೂ ಅಲ್ಲಿಗೆ ಬಂದಿದ್ದ.

"ನೆಂಟ ಅಂದರೆ ಕೆರೆ ತುಂಬಿ ಹರಿಯುವ ಕೋಡಿನೀರು," ಎಂದ ದ್ಯಾವ. "ಜಾಲಿ ಮರಗಳಿಗೆ ನನ್ನ ಸೊಂಟದೆತ್ತರದಲ್ಲಿ ಒಣಹುಲ್ಲು, ಕೆಸರು ಅಂಟಿದೆ. ಅದೇ ಅವನ ಹೆಜ್ಜೆ. ಎರಡನೆಯದು ಟಿಟ್ಟಿಭ ಹಕ್ಕಿ. ಅದು ಬರಿನೆಲದ ಮೇಲೆ ಮೊಟ್ಟೆಯಿಡುತ್ತದೆ. ನಾನು ಹತ್ತಿರ ಹೋದಾಗ ನನ್ನನ್ನು ದೂರ ಸೆಳೆಯಲು ಕುಂಟುವ ಹಾಗೆ ನಟಿಸಿತು. ಮೂರನೆಯದು ನೀರು. ಕೊಡದಲ್ಲಿ ತಲೆಯ ಮೇಲೆ ಬರುತ್ತದೆ, ಬಚ್ಚಲಿನಿಂದ ಹೋಗುತ್ತದೆ. ಇಲ್ಲಿಂದ ಇಳಿದರೆ ಅದು ಸೇರುವುದು ಕೆಳಗಿನ ಊರಿನ ಕುಡಿಯುವ ಬಾವಿಗೆ."

"ಮೂರೂ ಸರಿ," ಎಂದಳು ಬಯಲವ್ವ.

ದೊರೆ ನಿಟ್ಟುಸಿರು ಬಿಟ್ಟ. "ಸರಿ, ಇನ್ನು ಪಾಯ ತೆಗೆಸಿ."

ದ್ಯಾವ ದೊರೆಯ ಮುಂದೆ ಬಂದು ನಿಂತ. ಸುಮ್ಮನಿದ್ದರೆ ಬಹುಮಾನ ಸಿಗುತ್ತಿತ್ತು. ಆದರೂ ಹೇಳಿದ: "ಒಡೆಯಾ, ಇಲ್ಲಿ ಬೇಡ. ಕೋಡಿನೀರು ಬಂದರೆ ಕೂಸುಗಳ ತೊಟ್ಟಿಲು ಮುಳುಗುತ್ತದೆ."

"ಹಾಗಾದರೆ ಆ ಮುನ್ನೂರು ಸಂಸಾರ ಎಲ್ಲಿಗೆ ಹೋಗಬೇಕಯ್ಯಾ?"

"ಬಡಗಲ ದಿಬ್ಬಕ್ಕೆ. ಅಲ್ಲಿಗೆ ನೀರು ಹತ್ತುವುದಿಲ್ಲ. ಹಕ್ಕಿಯ ಮೊಟ್ಟೆಯೂ ಕಾಣಲಿಲ್ಲ. ಬಚ್ಚಲ ನೀರನ್ನು ಬಾಳೆಯ ಪಾತಿಗೆ ತಿರುಗಿಸಿದರೆ ಅಲ್ಲೇ ಇಂಗುತ್ತದೆ."

"ಅದು ಬರೀ ಕಲ್ಲು. ಅಗೆಯಲು ಆರು ತಿಂಗಳು ಬೇಕು. ಮಳೆ ಕಾಯುತ್ತದೆಯೇ?"

ದ್ಯಾವ ಗುದ್ದಲಿಯನ್ನು ಹೆಗಲಿಗೇರಿಸಿ ದಿಬ್ಬದ ಕಡೆ ತಿರುಗಿದ.

ಆಗ ಬಯಲವ್ವ ಅವನೆದುರು ಮೊಣಕಾಲೂರಿ ಕೂತಳು. "ದಿಬ್ಬವೂ ನನ್ನದೇ. ನಾನೇ ಅಗೆದು ಕೊಡ್ತೀನಿ. ಎಷ್ಟೋ ಜನ ಬಂದು ಇಲ್ಲಿ ಎಷ್ಟು ಮನೆ ಹಿಡಿಸುತ್ತದೆ ಅಂತ ಲೆಕ್ಕ ಹಾಕಿದರು. ನನ್ನ ಮೈಮೇಲೆ ಏನಿದೆ ಅಂತ ನಡೆದು ನೋಡಿದವನು ನೀನೊಬ್ಬನೇ, ಮಗಾ." ಹಾಗೆನ್ನುವಾಗ ಅವಳಿಗೆ ಕಣ್ಣೀರು ಒತ್ತರಿಸಿ ಬಂತು, ಜೋರಾಗಿ ಸೀನಿದಳು. ಕೇತಯ್ಯನೂ ಮಾಧವೋಜನೂ ಹೊರಬಿದ್ದರು, ಒದ್ದೆಯಾಗಿ, ಆದರೆ ಜೀವಂತವಾಗಿ.

ದೊರೆ ದ್ಯಾವನಿಗೆ ಕೈ ಮುಗಿದ. ಏನು ಬೇಕು ಎಂದು ಕೇಳಿದ್ದಕ್ಕೆ ದ್ಯಾವ, "ಇನ್ನು ಮುಂದೆ ಯಾವ ಮನೆಗಾಗಲಿ ಪಾಯ ತೆಗೆಯುವ ಮುಂಚೆ ಆ ನೆಲವನ್ನು ಯಾರಾದರೂ ನಡೆದು ನೋಡಲಿ," ಎಂದ. ದೊರೆ ಅದನ್ನೇ ಕಟ್ಟಳೆ ಮಾಡಿ, ಆ ಕೆಲಸಕ್ಕೆ ದ್ಯಾವನನ್ನೇ ನೇಮಿಸಿದ.

ಮಳೆಗೆ ಮುಂಚೆ ಮನೆಗಳು ಎದ್ದವು. ನೇಕಾರರು ಮೊದಲು ಹೂಡಿದ ಮಗ್ಗದಲ್ಲಿ ದ್ಯಾವನಿಗೆಂದು ಒಂದೇ ಒಂದು ಹೊದಿಕೆ ನೇಯ್ದರು. ಮುನ್ನೂರು ಮನೆಯವರೂ ಸರದಿಯಲ್ಲಿ ಕೂತು ನಾಲ್ಕು ನಾಲ್ಕು ಎಳೆ ಹಾಕಿದ್ದರಿಂದ ಅದು ಕೆಲವು ಕಡೆ ಬಿಗಿಯಾಗಿ, ಕೆಲವು ಕಡೆ ಸಡಿಲವಾಗಿ ಬಂತು. ದ್ಯಾವ ಅದನ್ನು ಹೊದ್ದುಕೊಂಡ. ಎಲ್ಲರ ಮುಖವನ್ನೂ ನೋಡುತ್ತ ನಿಂತುಬಿಟ್ಟ.