ಬಾಗಿಲಿಗೆ ಅಡ್ಡ ಇಟ್ಟ ಕೋಲು

ಒಂದು ಯುಗಾದಿಯ ಮರುದಿನ, ವರ್ಷತೊಡಕಿನ ಬೆಳಗ್ಗೆ, ಇನ್ನೂ ಮೂರನೆಯ ತರಗತಿಯಲ್ಲಿದ್ದಾಗ, ಪಾಟಿಚೀಲವನ್ನು ಶಾಲೆಯ ಕಿಟಕಿಗೆ ನೇತುಹಾಕಿ ಊರು ಬಿಟ್ಟವನು ಕಂಬಳಿ ಅಯ್ಯ. ಅಂದಿನಿಂದ ಅವನ ಕಾಲು ಒಂದು ಕಡೆ ನಿಂತದ್ದಿಲ್ಲ. ಹೋದಲ್ಲೆಲ್ಲ ಜನ ಏನಾದರೂ ಕೇಳುತ್ತಿದ್ದರು. ಅವನು ಒಂದು ಕತೆ ಹೇಳಿ ಮುಂದಿನ ಊರಿಗೆ ನಡೆಯುತ್ತಿದ್ದ. ಈ ಸಲ ಇಳಿದುಕೊಂಡಿದ್ದು ಶಿಷ್ಯ ದೊಡ್ಡನಂಜಪ್ಪನ ಮನೆಯಲ್ಲಿ. ನಂಜಪ್ಪನಿಗೆ ಪೇಟೆಬೀದಿಯಲ್ಲಿ ಪಾತ್ರೆ ಅಂಗಡಿ. ಪುರಸಭೆಯಲ್ಲಿ ಅವನೂ ಒಬ್ಬ ಸದಸ್ಯ.

"ಅಯ್ಯಾ, ಕೂತವರನ್ನು ಎಬ್ಬಿಸಿದರೆ ತಪ್ಪೇನು?" ಎಂದು ನಂಜಪ್ಪ ಕೇಳಿದ. "ಪೇಟೆಬೀದಿಯ ಫುಟ್‌ಪಾತಿನಲ್ಲಿ ಯಾರೂ ಕೂರಬಾರದು, ಮಲಗಬಾರದು ಅಂತ ನಿಯಮ ತರುತ್ತಿದ್ದಾರೆ. ನಾಳೆ ಸಭೆ. ಅರ್ಧ ಜನ ಬೇಕು ಅಂತಾರೆ, ಅರ್ಧ ಜನ ಬೇಡ ಅಂತಾರೆ. ನಾನು ಕೈ ಎತ್ತಿದ ಕಡೆಗೆ ತೀರ್ಮಾನ. ನನ್ನ ಅಂಗಡಿ ಮುಂದೆ ಕೂರುವವರು ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ. ಸುಮ್ಮನೆ ಕೂರುತ್ತಾರೆ."

"ಸುಮ್ಮನೆ ಕೂರೋದು ಸುಲಭ ಅಂದುಕೊಂಡೆಯಾ? ನನ್ನ ಕೈಲಂತೂ ಆಗಿಲ್ಲ ಮಾರಾಯ," ಎಂದು ಅಯ್ಯ ನಕ್ಕು, ಕತೆಗೆ ತೊಡಗಿದ.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಬೇಳೆ, ಬೆಲ್ಲದ ವ್ಯಾಪಾರ. ಮನೆಯಲ್ಲಿ ಕಣ್ಣು ಕಾಣದ ತಾಯಿ. ಮಧ್ಯಾಹ್ನ ಮಗ ಬಂದು ಅನ್ನ ಕಲೆಸಿ ಕೈಗಿಟ್ಟರೆ ಮಾತ್ರ ಅವಳಿಗೆ ತುತ್ತು ಇಳಿಯುತ್ತಿತ್ತು. ಅದಕ್ಕಾಗಿ ಅವನು ದಿನವೂ ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಒಂದು ಕೋಲು ಇಟ್ಟು ಮನೆಗೆ ಹೋಗಿಬರುತ್ತಿದ್ದ. ಅದು ಆ ಪೇಟೆಯ ವಾಡಿಕೆ. ಕೋಲು ಇದ್ದರೆ ಯಜಮಾನ ಊಟಕ್ಕೆ ಹೋಗಿದ್ದಾನೆ ಎಂದು ಅರ್ಥ. ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಬಾಗಿಲು ಮುಚ್ಚಿ ಹೋಗೋಣವೆಂದರೆ ಅದು ಹಲಗೆಯ ಬಾಗಿಲು. ಒಂದೊಂದೇ ಹಲಗೆ ಜೋಡಿಸಿ, ಬಂದು ಮತ್ತೆ ಒಂದೊಂದೇ ತೆಗೆಯುವಷ್ಟರಲ್ಲಿ ಗಿರಾಕಿಗಳು ಎದುರು ಅಂಗಡಿಗೆ ಹೋಗಿಬಿಡುತ್ತಿದ್ದರು. ಅವನ ಅಪ್ಪನೂ ಕೋಲು ಇಡುತ್ತಿದ್ದ, ಅಜ್ಜನೂ ಇಡುತ್ತಿದ್ದ. ಅಂಗಡಿ ಕಾಯುವುದು ಕೋಲೇ ಎಂದು ಅವನು ನಂಬಿದ್ದ.

ಅಂಗಡಿಯ ಮುಂದಿನ ಚಪ್ಪಡಿಯ ಮೇಲೆ ಬುಟ್ಟಿ ಹೆಣೆಯುವ ಒಬ್ಬ ಮುದುಕಿ ಕೂರುತ್ತಿದ್ದಳು. ಪಕ್ಕದಲ್ಲಿ ಒಬ್ಬ ಹಮಾಲಿ ಹೆಗಲ ಬಟ್ಟೆ ಹಾಸಿ ಮಲಗುತ್ತಿದ್ದ. ವರ್ತಕನಿಗೆ ಅವರನ್ನು ಕಂಡರೆ ಕಣ್ಣುರಿ.

"ಅಂಗಡಿ ಮುಂದೆ ಹೆಣದ ಹಾಗೆ ಬಿದ್ದಿರುತ್ತೀಯಲ್ಲೋ," ಎಂದು ಒಮ್ಮೆ ಹಮಾಲಿಯನ್ನು ಬೈದ.

"ನಿಮ್ಮ ಬೆಲ್ಲದ ಮೂಟೆ ಹೊತ್ತೇ ಹೆಣ ಆಗಿದ್ದು ಸಾವ್ಕಾರ್ರೆ," ಎಂದು ಅವನು ಮಗ್ಗುಲು ಬದಲಿಸಿದ.

ವರ್ತಕ ಉಳಿದ ಅಂಗಡಿಯವರನ್ನು ಸೇರಿಸಿಕೊಂಡು ಊರಿನ ಯಜಮಾನರ ಬಳಿ ಹೋದ. ಬೀದಿಯಲ್ಲಿ ಯಾರೂ ಕೂರಬಾರದು, ಮಲಗಬಾರದು ಎಂದು ಡಂಗುರ ಹೊಡೆಸಿದ. ತಳವಾರ ಬಂದು ಎಲ್ಲರನ್ನೂ ಎಬ್ಬಿಸಿದ. ಮುದುಕಿ ಬಿದಿರಿನ ಸೀಳುಗಳನ್ನು ಒಟ್ಟುಮಾಡಿಕೊಂಡು ಹೋದಳು. ಹಮಾಲಿ ಬಟ್ಟೆ ಕೊಡವಿಕೊಂಡು ಹೋದ. ಬೀದಿ ಚೊಕ್ಕಟವಾಯಿತು.

ಮರುದಿನ ವರ್ತಕ ಎಂದಿನಂತೆ ಕೋಲು ಇಟ್ಟು ಮನೆಗೆ ಹೋದ. ಬಂದು ನೋಡಿದರೆ ಒಂದು ಹಸು ಒಳಗೆ ನಿಂತು ಕಡಲೆಬೇಳೆ ಮೇಯುತ್ತಿತ್ತು. ಹಸುವಿಗೆ ವಾಡಿಕೆ ಗೊತ್ತಿರಲಿಲ್ಲ. ಅವನು ಇನ್ನೂ ದಪ್ಪನೆಯ ಕೋಲು ತಂದ. ಆ ವಾರ ತಕ್ಕಡಿ ಹೋಯಿತು. ತಕ್ಕಡಿಯ ಹಿಂದೆ ಬೆಲ್ಲದ ಮೂಟೆ ಹೋಯಿತು. ಕೊನೆಗೆ ಆ ದಪ್ಪ ಕೋಲೂ ಹೋಯಿತು. ಕಾವಲಿಗೆ ಒಬ್ಬನನ್ನು ಇಟ್ಟ. ದಿನವಿಡೀ ಬಿಸಿಲಲ್ಲಿ ನಿಂತೇ ಇರಬೇಕು, ಕೂರುವಂತಿಲ್ಲ ಎಂದು ತಿಳಿದ ಮೇಲೆ ಅವನೂ ಕೆಲಸ ಬಿಟ್ಟ.

ವರ್ತಕ ತಳವಾರನನ್ನು ಕರೆದ. "ಆ ಮುದುಕಿಗೆ ಬರಹೇಳಪ್ಪ. ಮಧ್ಯಾಹ್ನದ ಹೊತ್ತು ಇಲ್ಲೇ ಇರಲಿ."

"ಕೂರಿಸಬೇಡ ಅಂದೋರು ನೀವೇ ಅಲ್ಲವಾ ಸಾವ್ಕಾರ್ರೆ? ನಿಂತುಕೊಂಡು ಬುಟ್ಟಿ ಹೆಣೆಯೋಕೆ ಅವಳೇನು ಕೊಕ್ಕರೆಯಾ?" ಎಂದ ತಳವಾರ. "ಅವಳು ಹೊಳೆಯಾಚೆ ಊರಿಗೆ ಹೋದಳು. ಅಲ್ಲಿ ಕೂರಬಹುದಂತೆ."

ಅಂದಿನಿಂದ ವರ್ತಕ ಮಧ್ಯಾಹ್ನ ಅಂಗಡಿ ಬಿಟ್ಟು ಏಳಲಿಲ್ಲ. ತಾಯಿ ತಟ್ಟೆಯ ಮುಂದೆ ಕೂತು ಬಾಗಿಲ ಕಡೆ ಕಿವಿಗೊಟ್ಟು ಕಾದಳು. ಸೊಸೆ ಕಲೆಸಿಕೊಟ್ಟರೆ ಬೇಡ ಎಂದಳು. "ವ್ಯಾಪಾರ ಚೆನ್ನಾಗಿರಬೇಕು, ಪಾಪ, ಅವನಿಗೆ ಪುರುಸೊತ್ತಿಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು. ಕೆಲವು ದಿನ ಹಾಗೆ ಕಾದಳು. ಆಮೇಲೆ ಮಧ್ಯಾಹ್ನದ ಊಟವನ್ನೇ ಬಿಟ್ಟಳು. ಮಗ ಅಂಗಡಿಯಲ್ಲಿ ಕೂತು ಚೊಕ್ಕಟವಾದ ಬೀದಿಯನ್ನು ನೋಡುತ್ತಿದ್ದ.

ಕತೆ ಅಲ್ಲಿಗೆ ನಿಂತಿತು. ಅಯ್ಯ ಎದ್ದು ಕಂಬಳಿ ಕೊಡವಿ ಮಡಿಸತೊಡಗಿದ. ಬಂದು ನಾಲ್ಕು ದಿನವೂ ಆಗಿರಲಿಲ್ಲ. ಆದರೂ ಕಾಲು ಕೇಳಲೊಲ್ಲದು.

"ಹೊರಟೇಬಿಟ್ಟಿರಾ ಅಯ್ಯಾ? ನನ್ನದಿನ್ನೂ ಮುಗಿದಿಲ್ಲ," ಎಂದ ನಂಜಪ್ಪ. "ಆ ಮುದುಕಿ, ಆ ಹಮಾಲಿ ಅಂಗಡಿ ಕಾಯುತ್ತಿದ್ದರು. ಅವರ ಮಾತು ಬೇರೆ. ನಮ್ಮ ಬೀದಿಯವರು ಏನೂ ಮಾಡುವುದಿಲ್ಲವಲ್ಲ?"

ಅಯ್ಯ ತಂಬಿಗೆಯನ್ನು ಕಂಬಳಿಯೊಳಗೆ ಸುತ್ತಿದ. ಹಗ್ಗ ಹಾಕಿ ಬಿಗಿಯುತ್ತ ಹೇಳಿದ:

"ಅವರೂ ಏನೂ ಮಾಡುತ್ತಿರಲಿಲ್ಲ ನಂಜಪ್ಪ, ಅವರು ಕೂತಿದ್ದರಿಂದ ವರ್ತಕ ಎದ್ದು ಮನೆಗೆ ಹೋಗಬಹುದಾಗಿತ್ತು, ಅಷ್ಟೆ."

ಅಯ್ಯ ಕಂಬಳಿಯ ಕಟ್ಟನ್ನು ಹೆಗಲಿಗೆ ಏರಿಸಿಕೊಂಡ.